ಕೂಡದ ಹಲ್ಲು

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೆಂಡತಿ ಆಡಿದ ಒಂದು ಮಾತು ಡಾಕ್ಟರ್ ರಜಾಯಿಯ ತಲೆಯಿಂದ ಇಳಿಯಲೊಲ್ಲದು. “ಶನಿವಾರ ಅಮ್ಮಾನ್‌ನಲ್ಲಿ ಭಾಷಣ ಮಾಡೋವಾಗ ಬಾಯಿಗೆ ಕೈ ಅಡ್ಡ ಹಿಡ್ಕೋಬೇಡಿ ಕಣ್ರೀ. ಹಲ್ಲಿನ ಡಾಕ್ಟ್ರೇ ಹಲ್ಲು ಮುಚ್ಕೊಂಡು ಮಾತಾಡಿದ್ರೆ ಜನ ನಗಲ್ವಾ?” ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ರೊಟ್ಟಿಯ ತುಂಡನ್ನು ಆಲಿವ್ ಎಣ್ಣೆಯಲ್ಲಿ ಅದ್ದುತ್ತ, ಟೈ ಯಾವುದು ಹಾಕಿಕೊಳ್ಳುತ್ತೀರಿ ಎಂದು ಕೇಳುವಷ್ಟೇ ಸಹಜವಾಗಿ ಹೇಳಿದ್ದಳು. ಆದರೆ ತಾನು ಬಾಯಿಗೆ ಕೈ ಅಡ್ಡ ಹಿಡಿಯುತ್ತೇನೆಂಬುದು ಈ ಐವತ್ತು ವರ್ಷಗಳಲ್ಲಿ ಅವನಿಗೇ ಗೊತ್ತಿರಲಿಲ್ಲ. ಅವನ ಕೆಳಗಿನ ಸಾಲಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ದರ್ಜಿಯ ಮಗನ ಹಲ್ಲನ್ನು ಆ ಕಾಲದಲ್ಲಿ ಯಾರು ನೋಡುತ್ತಿದ್ದರು? ಹೆಂಡತಿ ಎಷ್ಟು ವರ್ಷದಿಂದ ಇದನ್ನು ನೋಡುತ್ತ ಸುಮ್ಮನಿದ್ದಳು, ಬಂದವರೆಲ್ಲ ಎಷ್ಟು ವರ್ಷದಿಂದ ನೋಡುತ್ತ ಸುಮ್ಮನಿದ್ದರು ಎಂದು ಯೋಚಿಸುತ್ತ ಅವನು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ. ಮೇಲೆ ಬಂದವನೇ ಮೊದಲು ಮಾಸ್ಕ್ ಕಟ್ಟಿಕೊಂಡ. ಆಮೇಲೆಯೇ ಸಿಹಾಮ್‌ಗೆ ಶುಭೋದಯ ಹೇಳಿದ್ದು.

ಸಿಹಾಮ್ ಅವನ ನರ್ಸು. ಎಲ್ಲರೊಡನೆಯೂ ದೊಡ್ಡ ದನಿಯಲ್ಲಿ ಮಾತಾಡುವವಳು, ಡಾಕ್ಟರನ್ನು ರೋಗಿಗಳ ಮುಂದೆ ಹೊಗಳುವುದು ತನ್ನ ಕೆಲಸದ ಒಂದು ಭಾಗ ಎಂದು ತಿಳಿದವಳು. “ಇವತ್ತು ನಿಮ್ಮ ಮೆಚ್ಚಿನ ಹುಡುಗಿ ಬರ್ತಾಳೆ, ಸುಹಾದ್. ಕ್ಯಾಮೆರಾ ಚಾರ್ಜಿಗೆ ಹಾಕಿದೀನಿ” ಎಂದಳು. ಹಲ್ಲಿನ ಡಾಕ್ಟರುಗಳ ಸಭೆಯಲ್ಲಿ ಮಾಡಬೇಕಾದ ಶನಿವಾರದ ಭಾಷಣ ನಿಂತಿದ್ದೇ ಈ ಸುಹಾದಳ ಹಲ್ಲುಗಳ ಮೇಲೆ. ವಕ್ರ ಹಲ್ಲು ಸರಿಮಾಡಲು ಹಲ್ಲಿನ ಮೇಲೆ ಅಂಟಿಸುವ ಹಳೆಯ ಬಗೆಯ ಬ್ರ್ಯಾಕೆಟ್‌ಗಳಲ್ಲಿ ತಂತಿಯನ್ನು ಹಿಡಿದಿಡಲು ಹಲ್ಲಿಗೊಂದು ರಬ್ಬರ್ ಉಂಗುರ ಕಟ್ಟಬೇಕು. ಅದು ಸಡಿಲವಾಗುತ್ತದೆ, ಚಹಾದ ಬಣ್ಣ ಹಿಡಿಯುತ್ತದೆ, ತಿಂಗಳಿಗೊಮ್ಮೆ ಬದಲಿಸಬೇಕು. ಹೊಸ ಬ್ರ್ಯಾಕೆಟ್‌ಗಳಿಗೆ ಅವುಗಳದೇ ಪುಟ್ಟ ಬಾಗಿಲು. ತಂತಿಯನ್ನು ತೋಡಿನಲ್ಲಿ ಕೂರಿಸಿ ಒತ್ತಿದರೆ ಟಕ್ಕೆಂದು ಮುಚ್ಚಿಕೊಳ್ಳುತ್ತದೆ. ಒಳಗೆ ತಂತಿ ಸರಾಗವಾಗಿ ಜಾರಾಡುತ್ತ ಹಲ್ಲುಗಳನ್ನು ಸಾಲಿಗೆ ತರುತ್ತದೆ. ಎರಡೂವರೆ ತಿಂಗಳು ಯಾರೂ ಮುಟ್ಟುವ ಹಾಗಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಇಸ್ತಾಂಬುಲ್‌ಗೆ ಹೋಗಿ ಇದನ್ನು ಕಲಿತು ಬಂದಮೇಲೆ ಅವನಿಗೆ ಹೊಸ ಮತವೊಂದು ಸಿಕ್ಕಿದಂತಾಗಿತ್ತು. ಇರ್ಬಿದ್ ಊರಿನ ಉಳಿದ ಹಲ್ಲಿನ ಡಾಕ್ಟರುಗಳು ಇನ್ನೂ ರಬ್ಬರ್ ಕಟ್ಟುತ್ತ ಕೂತಿದ್ದಾರೆ ಎಂಬುದನ್ನು ನೆನೆದಾಗಲೆಲ್ಲ ಅವನಿಗೆ ಒಳಗೊಳಗೇ ಖುಷಿ. “ದುಡಿಯೋದು ತಂತಿ, ನಾನು ಬರೀ ಬಾಗಿಲು ಹಾಕೋನು” ಎನ್ನುವುದು ಅವನ ಮೆಚ್ಚಿನ ಜೋಕು. ಭಾಷಣವನ್ನು ಅದರಿಂದಲೇ ಶುರುಮಾಡುವುದೆಂದು ಬರೆದುಕೊಂಡಿದ್ದ. ಈಗ ಆ ಜೋಕು ಹೇಳುವಾಗ ತನ್ನ ಕೈ ಎಲ್ಲಿರುತ್ತದೆ ಎಂಬ ಚಿಂತೆ ಹತ್ತಿತು.

ತಾಯಿ ಮಗಳು ಒಳಗೆ ಬಂದಾಗ ಅವನಿಗೆ ಮೊದಲು ಕಂಡದ್ದು ಅವರ ನಡುವಿನ ಅಂತರ. ಹಿಂದೆಲ್ಲ ಉಮ್ ಹಾತೆಮ್, ಎಂದರೆ ಹಾತೆಮನ ತಾಯಿ, ಮಗಳ ತೋಳು ಹಿಡಿದುಕೊಂಡೇ ಬರುತ್ತಿದ್ದಳು. ಇವತ್ತು ತಾಯಿ ಮುಂದೆ, ಮಗಳು ನಾಲ್ಕು ಹೆಜ್ಜೆ ಹಿಂದೆ. ಸುಹಾದ್ ಯರ್ಮೂಕ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕಿಯಾಗಲು ಓದುತ್ತಿದ್ದ ಹುಡುಗಿ. ಹತ್ತೊಂಬತ್ತು ವರ್ಷ. ಯಾವಾಗಲೂ ಏನಾದರೊಂದು ಪ್ರಶ್ನೆ ಕೇಳುತ್ತಿದ್ದವಳು ಇವತ್ತು ಸಲಾಂ ಕೂಡ ಬಾಯಿ ಬಿಡದೆ ತಲೆಯಾಡಿಸಿ ಹೇಳಿ, ಕುರ್ಚಿಯ ಮೇಲೆ ಮಲಗಿ ಚಾವಣಿ ನೋಡತೊಡಗಿದಳು. ಉಮ್ ಹಾತೆಮ್ ಗೋಡೆಯ ಪಕ್ಕದ ಸ್ಟೂಲಿನಲ್ಲಿ ಕೂತು, ಬುರ್ಖಾದ ತುದಿ ಸರಿಮಾಡಿಕೊಂಡು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಮದುವೆಯಾದ ಮಗನ ಮನೆಯಲ್ಲಿ ಏನೋ ಜಗಳವಾಗಿರಬೇಕು ಎಂದುಕೊಂಡ ರಜಾಯಿ.

“ಡಾಕ್ಟ್ರೇ, ನೋಡೋಕ್ಮುಂಚೆ ಒಂದು ಮಾತು ಹೇಳ್ಬಿಡ್ತೀನಿ” ಎಂದಳು ಉಮ್ ಹಾತೆಮ್. “ನಿಮ್ಮ ಮುಖ ನೋಡೋಕೆ ನಂಗೆ ನಾಚ್ಕೆ ಆಗ್ತದೆ. ನೀವು ಮೈಯೆಲ್ಲಾ ಕಣ್ಣಾಗಿ ಕಟ್ಟಿದ್ದನ್ನ ಈ ಮಹಾರಾಣಿ ಹಾಳು ಮಾಡ್ಕೊಂಡಿದಾಳೆ.”

“ಏನಾಯ್ತು?”

“ಬೀಜ. ಕಲ್ಲಂಗಡಿ ಬೀಜ. ಬೇಡ ಅಂತ ನೀವು ಎಷ್ಟು ಸಲ ಹೇಳಿದ್ರಿ? ಹಬ್ಬದಲ್ಲಿ ಚಿಕ್ಕಪ್ಪನ ಮಕ್ಕಳೆಲ್ಲ ಸೇರಿ ರಾತ್ರಿಯೆಲ್ಲ ಟಕ ಟಕ ಅಂತ ಒಡೀತಿದ್ರು. ಇವಳೂ ಮಧ್ಯದಲ್ಲಿ ಕೂತಿದ್ಲು. ಆಮೇಲೆ ಇವಳ ಕೋಟಿನ ಜೇಬಲ್ಲಿ ಸಿಪ್ಪೆ ಸಿಕ್ತು.”

“ಆ ಕೋಟು ತಂಗಿ ಹಾಕ್ಕೊಂಡಿದ್ಲು” ಎಂದಳು ಸುಹಾದ್, ಚಾವಣಿ ನೋಡುತ್ತಲೇ.

ಆ ಒಂದು ವಾಕ್ಯದಲ್ಲಿ ರಜಾಯಿಗೆ ಏನೋ ಕೇಳಿಸಿತು. ಮಾತಿನ ನಡುವೆ ಎಲ್ಲೋ ಗಾಳಿ ಸೋರುತ್ತಿತ್ತು. ಕೈಗವಸು ಎಳೆದುಕೊಂಡು, ದೀಪ ತಿರುಗಿಸಿ, “ಕಚ್ಚು ನೋಡೋಣ” ಎಂದ. ಹಿಂದಿನ ಹಲ್ಲುಗಳು ಕೂಡಿದವು. ಮುಂದಿನವು ಕೂಡಲಿಲ್ಲ. ಮೇಲಿನ ನಾಲ್ಕು ಹಲ್ಲುಗಳು ಒಸಡಿನ ಕಡೆಗೆ ಸರಿದು, ಕೆಳಗಿನವುಗಳಿಂದ ದೂರ ನಿಂತಿದ್ದವು. ನಡುವಿನ ಕಿಂಡಿಯಲ್ಲಿ ನಾಲಿಗೆಯ ತುದಿ ಕಾಣುತ್ತಿತ್ತು. ಕಳೆದ ಸಲ ಇವೇ ಹಲ್ಲುಗಳು ಒಂದರ ಮೇಲೊಂದು ಎಷ್ಟು ಚೆನ್ನಾಗಿ ಕೂತಿದ್ದವೆಂದರೆ ಅವನು ಮನೆಗೆ ಹೋಗಿಯೂ ಆ ಫೋಟೋ ನೋಡಿದ್ದ. ಬೀಜ ಕಚ್ಚಿದರೆ ಹಲ್ಲು ಹೀಗೆ ಮೇಲಕ್ಕೆ ಸರಿಯುವುದಿಲ್ಲ. ಆದರೂ ಬಾಯಿ ತನ್ನಷ್ಟಕ್ಕೆ ಹೇಳಿತು: “ಬೀಜ ಕಚ್ಚೋದು ಬ್ರ್ಯಾಕೆಟ್‌ಗೆ ಒಳ್ಳೇದಲ್ಲ.” ಅದು ಸುಳ್ಳಲ್ಲ. ಪ್ರತಿಯೊಬ್ಬರಿಗೂ, ಪ್ರತಿ ಸಲವೂ ಅವನು ಹೇಳುವ ಮಾತೇ ಅದು.

“ಕೇಳಿಸ್ಕೊಂಡ್ಯಾ?” ಎಂದಳು ಉಮ್ ಹಾತೆಮ್. ದನಿ ಒಡೆದಿತ್ತು. “ಹಲ್ಲು ಹೋದ್ರೆ ಹೋಗ್ಲಿ ಡಾಕ್ಟ್ರೇ, ಹಲ್ಲಿಗಾಗಿ ನಾನು ಅಳ್ತಿಲ್ಲ. ಇವಳು ತನ್ನಪ್ಪನ ಮುಂದೆ ಕುರಾನ್ ಮೇಲೆ ಕೈ ಇಟ್ಟು ತಿಂದಿಲ್ಲ ಅಂತ ಆಣೆ ಮಾಡಿದಾಳೆ. ಯಃಕಶ್ಚಿತ್ ಒಂದು ಬೀಜಕ್ಕೆ! ಅವತ್ತಿಂದ ಇವಳಪ್ಪ ಇವಳ ಜೊತೆ ಒಂದೇ ತಟ್ಟೇಲಿ ಊಟ ಮಾಡ್ತಿಲ್ಲ. ನಾನು ಎಲ್ಲಿ ತಪ್ಪಿದೆ ಇವಳನ್ನ ಬೆಳೆಸೋದ್ರಲ್ಲಿ?”

“ನಾನು ತಿಂದಿಲ್ಲ.”

“ಮತ್ತೆ ಅದೇ! ಅಲ್ಲಾ ಕೇಳಿಸ್ಕೋತಿದಾನೆ ಕಣೇ!”

“ನಾನು ತಿಂದಿಲ್ಲ ಅಮ್ಮಾ. ಹಬ್ಬ ಕಳೆದು ವಾರಕ್ಕೇ ಹಲ್ಲು ಕೂಡ್ತಿಲ್ಲ ಅಂತ ನಾನೇ ಇಲ್ಲಿಗೆ ಫೋನ್ ಮಾಡಿದ್ದೆ. ತಪ್ಪು ಮಾಡಿದೋಳು ತಾನಾಗೇ ಫೋನ್ ಮಾಡ್ತಾಳಾ? ಡಾಕ್ಟ್ರಿಗೇ ಗೊತ್ತು. ಹೇಳಿ ಡಾಕ್ಟ್ರೇ, ಮಾಡಿದ್ನೋ ಇಲ್ವೋ?”

ಮಾಡಿದ್ದಳು. ಸಿಹಾಮ್ ಫೋನಿಗೆ ಕೈ ಮುಚ್ಚಿ ಕೇಳಿದಾಗ ಅವನು ಇನ್ನೊಬ್ಬರ ಬಾಯಲ್ಲಿ ಕೈ ಇಟ್ಟುಕೊಂಡು, ತಲೆಯೆತ್ತದೆ, “ಹಲ್ಲು ಸರಿಯೋವಾಗ ಹಂಗನ್ಸುತ್ತೆ. ತಾರೀಕಿಗೇ ಬರಕ್ಕೇಳು” ಎಂದಿದ್ದ. ಎರಡೂವರೆ ತಿಂಗಳು ಯಾರೂ ಮುಟ್ಟಬೇಕಾಗಿಲ್ಲ ಎಂಬ ತನ್ನ ಮತದ ಮೊದಲ ಸೂತ್ರವನ್ನು ಒಬ್ಬ ಹುಡುಗಿಯ ಆತಂಕಕ್ಕಾಗಿ ಮುರಿಯುವುದು ಅವನಿಗೆ ಬೇಕಿರಲಿಲ್ಲ. “ಮಾಡಿದ್ಲು” ಎಂದ ಈಗ, ಆದಷ್ಟು ಸಣ್ಣ ದನಿಯಲ್ಲಿ. ಉಮ್ ಹಾತೆಮ್ ಅದಕ್ಕೆ ಸೊಪ್ಪು ಹಾಕಲಿಲ್ಲ. “ಭಯಕ್ಕೆ ಮಾಡಿರ್ತಾಳೆ. ತಿಂದಾದ್ಮೇಲೆ ಭಯ ಬಂತು” ಎಂದಳು.

ಬಾಗಿಲು ತೆಗೆಯುವ ಸಣ್ಣ ಸಲಕರಣೆಯನ್ನು ಎತ್ತಿಕೊಂಡು ಅವನು ಹಿಂದಿನ ಹಲ್ಲಿನಿಂದ ಶುರುಮಾಡಿದ. ಒಂದು, ಇನ್ನೊಂದು, ಮತ್ತೊಂದು. ಮುಚ್ಚಿದ ಬಾಗಿಲುಗಳ ಹಿಂದೆ ಎಲ್ಲ ತಂತಿಯೂ ನೆಟ್ಟಗೇ ಕಾಣುತ್ತದೆ. ಅದರ ನಿಜವಾದ ಆಕಾರ ಹೊರಗೆ ತೆಗೆದಾಗಲೇ ತಿಳಿಯುವುದು. ಮುಂದಿನ ಹಲ್ಲಿನ ಬಾಗಿಲು ತೆರೆದೊಡನೆ ತಂತಿ ತೋಡಿನಿಂದ ಛಂಗನೆ ನೆಗೆದು ಮೇಲ್ದುಟಿಯನ್ನು ತಾಕಿತು. ಹುಡುಗಿ ಕಣ್ಣು ಮುಚ್ಚಿದಳು. ಇಕ್ಕಳದಿಂದ ಹಿಡಿದು ಹೊರಗೆಳೆದು, ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿದ. ಮೇಲಿನಿಂದ ನೋಡಿದರೆ ಎಲ್ಲ ತಂತಿಗಳಂತೆ ಕಮಾನು. ಪಕ್ಕದಿಂದ ನೋಡಿದರೆ ತೊಟ್ಟಿಲಿನ ತಳದ ಹಾಗೆ ಬಾಗು. ಮುಂದಿನ ಹಲ್ಲುಗಳನ್ನು ಒಸಡಿನತ್ತ ಎತ್ತಲಿಕ್ಕೆಂದೇ ಮಾಡಿದ ತಂತಿ. ಇವಳಿಗೆ ಬೇಕಾಗಿರಲೇ ಇಲ್ಲ.

ಈ ತಂತಿ ಹಾಕಿದ್ದು ಹಬ್ಬದ ಹಿಂದಿನ ಗುರುವಾರ. ಕೆಳಗಿನ ಮಿಠಾಯಿ ಅಂಗಡಿಯ ಮುಂದೆ ಜನ ರಸ್ತೆಯವರೆಗೂ ನಿಂತಿದ್ದರು. ತುಪ್ಪದ ವಾಸನೆ ಮೂರನೇ ಮಹಡಿಗೂ ಬರುತ್ತಿತ್ತು. ಎರಡೂ ಕುರ್ಚಿ ಭರ್ತಿ. ಒಂದರಲ್ಲಿ ಸುಹಾದ್, ಇನ್ನೊಂದರಲ್ಲಿ ದಪ್ಪ ಮೀಸೆಯ ಒಬ್ಬ ಪೊಲೀಸಿನವ. ಮೇಲಿನ ಹಲ್ಲುಗಳು ಕೆಳಗಿನವನ್ನು ಪೂರ್ತಿ ಮುಚ್ಚಿಬಿಟ್ಟಿದ್ದ ಅವನಿಗಾಗಿ ಈ ಬಾಗಿದ ತಂತಿ. ಸಿಹಾಮ್ ಎರಡನ್ನೂ ತೆಗೆದು ತಟ್ಟೆಯ ಮೇಲಿಟ್ಟು, “ಯಾವ್ದು ಯಾರ್ದು ಡಾಕ್ಟ್ರೇ?” ಎಂದದ್ದೂ, ತಾನು “ನಂಗೊತ್ತು, ನೀನು ಹೋಗಿ ಕಾಫಿ ಮಾಡು” ಎಂದದ್ದೂ ಈಗ ಇಷ್ಟು ಸ್ಪಷ್ಟವಾಗಿ ಎಲ್ಲಿಂದ ನೆನಪಾಗುತ್ತಿದೆ? ಅವನು ನೋಡದೆಯೇ ಕೈ ಚಾಚಿದ್ದ. ನೋಡದೆ ಕೈ ಚಾಚುವುದರಲ್ಲಿ ಒಂದು ಸುಖವಿತ್ತು. ಟಕ್ ಟಕ್ ಎಂದು ಬಾಗಿಲು ಮುಚ್ಚಿ, ಹುಡುಗಿಗೆ ಹಬ್ಬದ ಶುಭಾಶಯ ಹೇಳಿ, ಬೀಜ ತಿನ್ನಬೇಡ ಎಂದು ಕಳಿಸಿದ್ದ. ಹೋದ ವಾರವಷ್ಟೇ ಪೊಲೀಸಿನವನು ಬಂದು, ನನ್ನ ಹಲ್ಲು ಕೂದಲೆಳೆಯಷ್ಟೂ ಅಲುಗಿಲ್ಲ ಎಂದು ಗೊಣಗಿದಾಗ, ಬಾಗಿಲು ತೆರೆದೂ ನೋಡದೆ, ಮೇಲಿನ ದವಡೆಯಿಂದ ಕೆಳಗಿನದಕ್ಕೆ ಮನೆಯಲ್ಲೇ ಸಿಕ್ಕಿಸಿಕೊಳ್ಳಲು ಕೊಟ್ಟ ರಬ್ಬರ್ ಬ್ಯಾಂಡು ಸರಿಯಾಗಿ ಹಾಕಿಕೊಂಡಿರುವುದಿಲ್ಲ ಎಂದು ಅವನನ್ನೇ ಗದರಿಸಿದ್ದ. ಪೊಲೀಸಿನವನು ಪಾಪ, ತಲೆ ತಗ್ಗಿಸಿ ಕೇಳಿಸಿಕೊಂಡಿದ್ದ. ಹಲ್ಲಿನ ಕುರ್ಚಿಯ ಮೇಲೆ ಮಲಗಿದ ಮನುಷ್ಯ, ಅವನು ಯಾರೇ ಆಗಿರಲಿ, ತಪ್ಪು ತನ್ನದೇ ಇರಬೇಕೆಂದು ಬೇಗ ನಂಬುತ್ತಾನೆ. ಇದು ರಜಾಯಿಗೆ ಎಷ್ಟೋ ವರ್ಷದಿಂದ ಗೊತ್ತಿದ್ದ ವಿಷಯ. ಈ ವಿಷಯದ ನೆರಳಿನಲ್ಲೇ ಅವನ ಹೆಸರು ಬೆಳೆದಿತ್ತು.

ತಂತಿ ಇನ್ನೂ ಇಕ್ಕಳದಲ್ಲಿತ್ತು. ಉಮ್ ಹಾತೆಮ್ ಸ್ಟೂಲಿನಿಂದ ನೋಡುತ್ತಿದ್ದಳು. ಸುಹಾದ್ ಕಣ್ಣು ತೆರೆದಿದ್ದಳು. ತೋರಿಸುವುದು ಎಷ್ಟು ಸುಲಭ! ತಟ್ಟೆಯ ಮೇಲೆ ಇದನ್ನಿಟ್ಟು, ಪಕ್ಕದಲ್ಲಿ ಸಪಾಟಾದ ಒಂದು ತಂತಿಯನ್ನಿಟ್ಟರೆ ಸಾಕು, ಓದು ಬರಹ ಬಾರದವರಿಗೂ ವ್ಯತ್ಯಾಸ ಕಾಣುತ್ತದೆ. ನೋಡಿ ಇದನ್ನು ಹಾಕಬೇಕಿತ್ತು, ಅದನ್ನು ಹಾಕಿದೆ, ನಿಮ್ಮ ಮಗಳ ಆಣೆ ನಿಜ. ಹಲ್ಲಿನ ಮಾತು ದೊಡ್ಡದಲ್ಲ. ಸಪಾಟು ತಂತಿ ಹಾಕಿದರೆ ಕೆಲವು ತಿಂಗಳಲ್ಲಿ ಮತ್ತೆ ಕೂಡುತ್ತವೆ. ಆದರೆ ಆಚೆಯ ಕೋಣೆಯಲ್ಲಿ ಇನ್ನೂ ಐದಾರು ಜನ ಕೂತಿದ್ದಾರೆ, ಈ ಹೆಂಗಸಿನ ದನಿ ದೊಡ್ಡದು, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಶನಿವಾರ ಅಮ್ಮಾನ್‌ನಲ್ಲಿ ಮುಂದಿನ ಸಾಲಿನಲ್ಲಿ ಕೂತವರು ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟುತ್ತಾರೆ. ಅವನಿಗೆ ತನ್ನ ಕೈ ಮಾಸ್ಕಿನ ಮೇಲೆ ಬಂದು ಕೂತಿರುವುದು ತಿಳಿಯಿತು. ಕೈಯನ್ನು ಕೆಳಗಿಳಿಸಿದ. ಇಳಿಸುವಾಗಲೇ ಇನ್ನೊಂದು ಕೈ ತಂತಿಯನ್ನು ಚೂಪು ವಸ್ತುಗಳನ್ನು ಎಸೆಯುವ ಹಳದಿ ಡಬ್ಬಿಯ ಬಾಯಿಗೆ ಹಾಕಿಬಿಟ್ಟಿತು. ಆ ಡಬ್ಬಿಯಲ್ಲಿ ಬಿದ್ದದ್ದನ್ನು ಯಾರೂ ಮತ್ತೆ ತೆಗೆಯುವುದಿಲ್ಲ.

“ಶಾಲೇಲಿ ಪಾಠ ಹೇಳೋಕೆ ಕಳಿಸ್ತಾರೆ ನಮ್ಮನ್ನ” ಎಂದಳು ಸುಹಾದ್, ಯಾರಿಗೆಂದಿಲ್ಲದೆ. “ನನ್ನ ಮಾತಲ್ಲಿ ಗಾಳಿ ಹೋಗುತ್ತೆ ಅಂತ ಮಕ್ಕಳು ನನ್ನ ಹಾಗೇ ಮಾತಾಡಿ ತೋರಿಸ್ತಾರೆ. ಅದೂ ಪರವಾಗಿಲ್ಲ. ಮನೇಲಿ ನಾನು ನಮಾಜಿಗೆ ನಿಂತ್ರೆ ಅಮ್ಮ ನನ್ನನ್ನೇ ನೋಡ್ತಾ ನಿಲ್ತಾಳೆ. ಸುಳ್ಳು ಆಣೆ ಮಾಡಿದೋಳು ಏನು ಬೇಡ್ಕೋತಾಳೆ ಅಂತ.”

“ಮತ್ತೆ ನೋಡ್ದೆ ಏನ್ಮಾಡ್ಲಿ?” ಎಂದಳು ತಾಯಿ. ಅವಳ ಕಣ್ಣು ತುಂಬಿತ್ತು. “ಡಾಕ್ಟ್ರೇ, ನೀವು ತಿಳಿದೋರು. ನೀವೊಂದು ಮಾತು ಹೇಳ್ಬಿಡಿ. ಬೀಜದಿಂದ ಆಗಿದ್ದಾ, ಅಲ್ವಾ? ನೀವು ಏನ್ ಹೇಳಿದ್ರೂ ನಂಬ್ತೀನಿ.”

ಹುಡುಗಿಯೂ ಅವನತ್ತ ತಿರುಗಿದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ, ಬರೀ ನಂಬಿಕೆಯಿತ್ತು. ಇನ್ನೇನು ಇವರು ಹೇಳುತ್ತಾರೆ, ಎಲ್ಲ ಮುಗಿಯುತ್ತದೆ ಎಂಬ ನಂಬಿಕೆ. ಅವನಿಗೆ ಅದನ್ನು ತಡೆಯಲಾಗಲಿಲ್ಲ. ಹೇಳಿಬಿಡಬೇಕು ಎಂದುಕೊಂಡ. ಹೇಳಲು ಪದ ಹುಡುಕಿದ. ಸಿಕ್ಕಿದ್ದು ಅಪ್ಪನ ಪದ. ಅಪ್ಪನ ಅಂಗಡಿಯಲ್ಲಿ, ಹೋದ ವರ್ಷ ಹೊಲಿಸಿದ ಕೋಟು ಹೊಟ್ಟೆಯ ಮೇಲೆ ಕೂಡುತ್ತಿಲ್ಲ ಎಂದು ಗಿರಾಕಿ ಬಂದರೆ, ಹೊಟ್ಟೆ ಬೆಳೆದಿದೆ ಎಂದು ಅಪ್ಪ ಎಂದೂ ಹೇಳಿದವನಲ್ಲ. ಎದೆಯ ಮೇಲೆ ಕೈಯಿಟ್ಟು, “ತಪ್ಪು ನನ್ನದು ಸ್ವಾಮಿ, ನಾನೇ ಬಿಗಿಯಾಗಿ ಕತ್ತರಿಸಿಬಿಟ್ಟೆ” ಎನ್ನುತ್ತಿದ್ದ. ಗಿರಾಕಿ, “ಛೆ ಛೆ, ನಿಮ್ಮದೇನು ತಪ್ಪು, ನಾನೇ ತಿಂದು ಕೊಬ್ಬಿದೀನಿ” ಎನ್ನುತ್ತಿದ್ದ. ಇಬ್ಬರೂ ನಕ್ಕು ಕಾಫಿ ಕುಡಿಯುತ್ತಿದ್ದರು. ಇರ್ಬಿದ್‌ನಲ್ಲಿ ಮರ್ಯಾದಸ್ಥರು ಮಾತಾಡುವುದೇ ಹಾಗೆ. ಕಾಲು ತುಳಿಸಿಕೊಂಡವನೂ ತಪ್ಪು ನನ್ನದು ಎನ್ನುತ್ತಾನೆ, ಊಟಕ್ಕೆ ತಡವಾಗಿ ಬಂದ ಅತಿಥಿಗೆ ಮನೆಯೊಡೆಯನೂ ತಪ್ಪು ನನ್ನದು ಎನ್ನುತ್ತಾನೆ. ಆ ಮಾತನ್ನು ನಂಬಿಬಿಡುವಷ್ಟು ದಡ್ಡ ಊರಲ್ಲಿ ಯಾರೂ ಇಲ್ಲ.

ರಜಾಯಿ ಎದೆಯ ಮೇಲೆ ಕೈಯಿಟ್ಟುಕೊಂಡ. “ಉಮ್ ಹಾತೆಮ್, ಹುಡುಗೀನ ಬೈಬೇಡಿ” ಎಂದ. “ತಪ್ಪು ನನ್ನದು.”

ಹೇಳುವಾಗಲೇ ಅವನಿಗೆ ಗೊತ್ತಿತ್ತು. ಇದು ಹೀಗೆ ಹೇಳಿದರೆ ಹೇಗೆ ಕೇಳಿಸುತ್ತದೆ ಎಂದು ಅವನಿಗಿಂತ ಚೆನ್ನಾಗಿ ತಿಳಿದವರಿಲ್ಲ. ಆದರೂ ಹೇಳಿದ್ದಂತೂ ಆಯಿತು, ಬಾಯಿಂದ ಬಂದದ್ದು ನಿಜವೇ ಆಗಿತ್ತು ಎಂದು ಒಳಗೆ ಯಾವುದೋ ಒಂದು ಜೀವ ನಿಟ್ಟುಸಿರು ಬಿಟ್ಟಿತು. ಆ ನಿಟ್ಟುಸಿರು ಕೇಳಿ ಅವನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು.

“ಅಯ್ಯೋ!” ಎಂದು ಉಮ್ ಹಾತೆಮ್ ಎದ್ದೇ ನಿಂತಳು. “ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ! ನಿಮ್ಮ ಕೈಗೆ ಒಂದು ಮುಳ್ಳೂ ಚುಚ್ಚದೇ ಇರ್ಲಿ! ನಿಮ್ಮದೇನು ತಪ್ಪು ಡಾಕ್ಟ್ರೇ?”

“ಇಲ್ಲ, ನಿಜವಾಗ್ಲೂ. ನಾನು ತಂತಿ ನೋಡ್ಕೋಬೇಕಾಗಿತ್ತು.”

“ನೋಡಿದ್ಯಾ?” ಎಂದು ಆಕೆ ಮಗಳ ಕಡೆ ತಿರುಗಿದಳು. “ಅಷ್ಟು ದೊಡ್ಡ ಮನುಷ್ಯ ನಿನ್ನ ಮಾನ ಉಳಿಸೋಕೆ ತನ್ನ ತಲೆ ಮೇಲೆ ಹಾಕ್ಕೋತಿದಾರೆ. ನೀನು ಕಲ್ಲಿನ ಹಾಗೆ ಬಿದ್ಕೊಂಡಿದೀಯ!”

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಸಿಹಾಮ್, “ನಮ್ಮ ಡಾಕ್ಟ್ರು ಹಂಗೇ ಖಾಲಾ” ಎಂದಳು. “ಯಾರೇ ತಪ್ಪು ಮಾಡ್ಲಿ, ನಂದೇ ಅಂತಾರೆ. ನಾನೇ ಎಷ್ಟು ಸಲ ಬಚಾವಾಗಿದೀನಿ.” ಕಾಫಿಯಲ್ಲಿನ ಏಲಕ್ಕಿಯ ವಾಸನೆ ಕೋಣೆಯಲ್ಲಿ ಹರಡಿತು. ರಜಾಯಿ ಮುಂದೆ ಹೇಳಬಹುದಿತ್ತು. ಉಪಚಾರದ ಮಾತಲ್ಲ, ಬೇರೆಯವನ ತಂತಿ ಹಾಕಿಬಿಟ್ಟೆ ಎನ್ನಬಹುದಿತ್ತು. ಆ ವಾಕ್ಯ ಪೂರ್ತಿ ತಯಾರಾಗಿತ್ತು. ಅವನು ತಟ್ಟೆಯ ಮೇಲಿನ ಕನ್ನಡಿಯನ್ನು ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಟ್ಟ.

ಸುಹಾದ್ ಅವನನ್ನೇ ನೋಡುತ್ತಿದ್ದಳು. ತಂತಿ ತುಟಿಗೆ ತಾಕಿದ್ದು ಅವಳಿಗೆ ಗೊತ್ತು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ್ದನ್ನೂ, ಡಬ್ಬಿಗೆ ಹಾಕಿದ್ದನ್ನೂ ಅವಳು ಕೆಳಗೆ ಮಲಗಿ ಕಂಡಿದ್ದಳು. ಶಿಕ್ಷಕಿಯಾಗಲು ಓದುತ್ತಿದ್ದ ಹುಡುಗಿ, ಇಷ್ಟು ದಿನವೂ ಪ್ರತಿಯೊಂದಕ್ಕೂ ಪ್ರಶ್ನೆ ಕೇಳುತ್ತಿದ್ದವಳು. ಅವಳಿಗೆ ಏನೋ ನಿಧಾನವಾಗಿ ಅರ್ಥವಾಗುತ್ತ ಹೋದದ್ದು ಅವಳ ಮುಖದಲ್ಲಿ ಕಂಡಿತು. ಅವನು ಮತ್ತೆ ಮಾತಾಡಲೆಂದು ಅವಳು ಕಾದಳು. ಕಾಯುತ್ತಿದ್ದಾಳೆಂದು ಅವನಿಗೂ ತಿಳಿದಿತ್ತು. ಅವನು ಸಿಹಾಮ್ ಕಡೆ ತಿರುಗಿ, “ಹೊಸ ತಂತಿ ಕೊಡು, ಸಪಾಟಿಂದು” ಎಂದ.

“ತಿಂದೆ” ಎಂದಳು ಸುಹಾದ್.

ಉಮ್ ಹಾತೆಮ್ ಕೈಚೀಲವನ್ನು ಸ್ಟೂಲಿನ ಮೇಲಿಟ್ಟಳು.

“ಬೀಜ ತಿಂದೆ ಅಮ್ಮಾ. ಅಪ್ಪನ ಮುಂದೆ ಸುಳ್ಳು ಆಣೆ ಮಾಡಿದೆ.”

ಅವಳ ದನಿಯಲ್ಲಿ ಅಳುವಿರಲಿಲ್ಲ. ತಾಯಿಯೇ ಅತ್ತುಬಿಟ್ಟಳು. ಕುರ್ಚಿಯ ಹತ್ತಿರ ಬಂದು, ಬಗ್ಗಿ, ಮಗಳ ಹಣೆಗೆ, ಕೆನ್ನೆಗೆ ಮುತ್ತಿಟ್ಟು, “ಇಷ್ಟೇ ಕಣೇ ನಂಗೆ ಬೇಕಾಗಿದ್ದು, ಇಷ್ಟೇ” ಎಂದಳು. “ಆಣೆಗೆ ಪ್ರಾಯಶ್ಚಿತ್ತ ಇದೆ. ಮೂರು ದಿನ ಉಪವಾಸ ಇದ್ದು ಬೇಡ್ಕೋ. ನಾನೂ ನಿನ್ನ ಜೊತೆ ಇರ್ತೀನಿ. ಅಪ್ಪನಿಗೆ ನಾನು ಹೇಳ್ತೀನಿ.” ಕಣ್ಣೊರೆಸಿಕೊಂಡು, ಮೂಗೆಳೆದುಕೊಂಡು, ಎಷ್ಟೋ ವಾರಗಳ ಮೇಲೆ ಮೊದಲ ಸಲ ಮಗಳ ತೋಳು ಹಿಡಿದಳು. “ಈಗ ಡಾಕ್ಟ್ರ ಹತ್ರ ಕ್ಷಮೆ ಕೇಳು.”

ಸುಹಾದ್ ಮಲಗಿದಲ್ಲಿಂದಲೇ ಅವನ ಕಣ್ಣನ್ನು ನೋಡಿದಳು. ಮಾಸ್ಕಿನ ಮೇಲೆ ಅವಳಿಗೆ ಕಾಣುತ್ತಿದ್ದುದು ಅದೊಂದೇ.

“ಕ್ಷಮಿಸಿ ಡಾಕ್ಟ್ರೇ” ಎಂದಳು. ಕೂಡದ ಹಲ್ಲುಗಳ ನಡುವಿನಿಂದ ಗಾಳಿ ಸೋರಿತು.

ತಾಯಿ ಮಗಳು ಇಬ್ಬರೂ ಅವನ ಉತ್ತರಕ್ಕಾಗಿ ಕಾದರು.

“ಪರವಾಗಿಲ್ಲ ಮಗಳೇ” ಎಂದ ರಜಾಯಿ. “ಇನ್ಮೇಲೆ ತಿನ್ನಬೇಡ.”